ಲೈಟ್ನರ್ ವಿಟ್ಮರ್: ಶಾಲೆಯ ಮಗುವಿಗಾಗಿ ಕ್ಲಿನಿಕ್ ತೆರೆದ ಪ್ರೊಫೆಸರ್ – ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಡ್. ಓದುವವರು, ಮನಶ್ಶಾಸ್ತ್ರದ ವಿದ್ಯಾರ್ಥಿಗಳು, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ವಿಟ್ಮರ್ ಅವರನ್ನು ನಾವು ಶಾಲಾ ಮನಶ್ಶಾಸ್ತ್ರದ, ಅಂದರೆ ಶಾಲೆಯ ಮಕ್ಕಳ ಕಲಿಕೆ ಮತ್ತು ನಡವಳಿಕೆಯ ತೊಂದರೆಗಳನ್ನು ನೋಡುವ ಶಾಸ್ತ್ರದ, ಪ್ರೊಫೆಸರ್ ಎಂದೇ ಕರೆಯುತ್ತೇವೆ. ಪಠ್ಯಪುಸ್ತಕಗಳಲ್ಲಿ ಅವರ ಹೆಸರಿಗೆ ಒಂದೆರಡು ಸಾಲು ಸಿಗುತ್ತದೆ, ಅಷ್ಟೇ. ಅವರ ಕೆಲಸಕ್ಕೆ ಅದು ತೀರಾ ಕಡಿಮೆ. ಹಾಗಾಗಿ ಕೆಲವು ಉತ್ತರಗಳನ್ನು ಸ್ವಲ್ಪ ಉದ್ದವಾಗಿಯೇ ಬರೆದಿದ್ದೇವೆ.

ಯಾರು ಈ ಲೈಟ್ನರ್ ವಿಟ್ಮರ್?

ಅಮೆರಿಕದ ಫಿಲಡೆಲ್ಫಿಯಾದಲ್ಲಿ 1867ರ ಜೂನ್ 28ರಂದು ಹುಟ್ಟಿದವರು. ಅದೇ ಊರಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದಿ 1888ರಲ್ಲಿ ಪದವಿ ಪಡೆದರು. ಅಲ್ಲೇ ಪ್ರೊಫೆಸರ್ ಆದರು, 1937ರಲ್ಲಿ ಅಲ್ಲಿಂದಲೇ ನಿವೃತ್ತರಾದರು. 1956ರ ಜುಲೈ 19ರಂದು ತೀರಿಕೊಂಡರು.

1896ರಲ್ಲಿ ಅವರು ಆ ವಿಶ್ವವಿದ್ಯಾಲಯದಲ್ಲಿ ಒಂದು ಮನಶ್ಶಾಸ್ತ್ರ ಕ್ಲಿನಿಕ್ ಶುರು ಮಾಡಿದರು. ಜಗತ್ತಿನಲ್ಲಿ ಆ ಬಗೆಯದ್ದು ಅದೇ ಮೊದಲು ಎಂದು ಮನಶ್ಶಾಸ್ತ್ರದ ಇತಿಹಾಸಕಾರರು ಗುರುತಿಸುತ್ತಾರೆ. ಅಲ್ಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಶಾಲೆಯ ಮಕ್ಕಳು. ಓದಲು ಬಾರದವರು, ಮಾತು ತೊದಲುವವರು, ತರಗತಿಯಲ್ಲಿ ಕೂರಲಾಗದವರು, ಒಂದೇ ತರಗತಿಯಲ್ಲಿ ವರ್ಷಗಟ್ಟಲೆ ಉಳಿದುಬಿಟ್ಟವರು.

ಅವರು ಕ್ಲಿನಿಕಲ್ ಮನಶ್ಶಾಸ್ತ್ರಜ್ಞರಲ್ವಾ? ಶಾಲಾ ಮನಶ್ಶಾಸ್ತ್ರದ ಪ್ರೊಫೆಸರ್ ಎಂದು ಹೇಗೆ ಹೇಳುತ್ತೀರಿ?

ಅವರ ಕಾಲದಲ್ಲಿ ಆ ಹೆಸರಿನ ಹುದ್ದೆ ಇರಲಿಲ್ಲ, ನಿಜ. ಈಗ ಎರಡೂ ಕ್ಷೇತ್ರದವರು ಅವರನ್ನು ತಮ್ಮ ಮೂಲಪುರುಷ ಎನ್ನುತ್ತಾರೆ. ಆದರೆ ಅವರ ದಿನದ ಕೆಲಸ ನೋಡಿ. ಶಾಲೆಯ ಶಿಕ್ಷಕರು ಮಗುವನ್ನು ಕರೆತರುತ್ತಿದ್ದರು. ತೊಂದರೆ ಕಲಿಕೆಯದ್ದೋ ನಡವಳಿಕೆಯದ್ದೋ ಆಗಿರುತ್ತಿತ್ತು. ಪರಿಹಾರವನ್ನೂ ಪಾಠದಲ್ಲೇ ಹುಡುಕುತ್ತಿದ್ದರು. ಇವತ್ತು ಶಾಲಾ ಮನಶ್ಶಾಸ್ತ್ರಜ್ಞರು ಮಾಡುವುದೂ ಇದನ್ನೇ. ಅಮೆರಿಕದ ಮನಶ್ಶಾಸ್ತ್ರ ಸಂಘದ ಶಾಲಾ ಮನಶ್ಶಾಸ್ತ್ರ ವಿಭಾಗ ಹೊಸ ತಲೆಮಾರಿನ ಸಂಶೋಧಕರಿಗೆ ಕೊಡುವ ಪ್ರಶಸ್ತಿಗೆ ಲೈಟ್ನರ್ ವಿಟ್ಮರ್ ಅವರ ಹೆಸರನ್ನೇ ಇಟ್ಟಿದೆ.

ಅವರು ಈ ದಾರಿಗೆ ಬಂದದ್ದು ಹೇಗೆ?

ಪದವಿ ಮುಗಿಸಿ ಫಿಲಡೆಲ್ಫಿಯಾದ ರಗ್ಬಿ ಅಕಾಡೆಮಿ ಎಂಬ ಶಾಲೆಯಲ್ಲಿ ಮೇಷ್ಟರಾಗಿದ್ದರು. ಅಲ್ಲೊಬ್ಬ ಹುಡುಗ ಕಾಲೇಜಿಗೆ ಸೇರಲು ತಯಾರಿ ಮಾಡುತ್ತಿದ್ದ. ಉಳಿದ ವಿಷಯಗಳಲ್ಲಿ ಪರವಾಗಿಲ್ಲ, ಇಂಗ್ಲಿಷ್ ಮಾತ್ರ ಬಹಳ ಹಿಂದೆ. ಗಮನ ಕೊಟ್ಟು ಕೇಳಿದಾಗ ವಿಟ್ಮರ್ ಅವರಿಗೆ ಒಂದು ವಿಷಯ ಹೊಳೆಯಿತು. ಹುಡುಗ ಪದಗಳ ಕೊನೆಯನ್ನು ನುಂಗಿಬಿಡುತ್ತಿದ್ದ. ಬಾಯಲ್ಲಿ ಬಾರದ ಧ್ವನಿ ಅವನ ಬರವಣಿಗೆಯಲ್ಲೂ ಬರುತ್ತಿರಲಿಲ್ಲ. ಅವನನ್ನು ಬೇರೆಯಾಗಿ ಕೂರಿಸಿ ಪಾಠ ಹೇಳಿದರು. ಮುಂದೆ ಅವನು ವಿಶ್ವವಿದ್ಯಾಲಯಕ್ಕೂ ಸೇರಿದ.

ಸೋಮಾರಿ, ಗಮನವಿಲ್ಲ, ತಲೆ ಇಲ್ಲ ಎಂದು ಯಾರೂ ಸುಲಭವಾಗಿ ಹೇಳಿಬಿಡಬಹುದಾದ ಹುಡುಗ ಅವನು. ಅವನ ಕಥೆಯನ್ನು ವಿಟ್ಮರ್ ತುಂಬಾ ವರ್ಷಗಳ ನಂತರ, 1907ರ ಲೇಖನವೊಂದರಲ್ಲಿ ಬರೆದರು.

ಮೇಷ್ಟರಾಗಿದ್ದಾಗಲೇ ಜೇಮ್ಸ್ ಮೆಕೀನ್ ಕ್ಯಾಟೆಲ್ ಎಂಬ ಪ್ರೊಫೆಸರ್ ಕೈಕೆಳಗೆ ಮನಶ್ಶಾಸ್ತ್ರ ಕಲಿಯಲು ಶುರು ಮಾಡಿದರು. ಕ್ಯಾಟೆಲ್ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ವಿಟ್ಮರ್ ಜರ್ಮನಿಯ ಲೈಪ್‌ಸಿಗ್‌ಗೆ ಹೋದರು. ಅಲ್ಲಿ ಪ್ರಾಯೋಗಿಕ ಮನಶ್ಶಾಸ್ತ್ರದ ಮೂಲಪುರುಷ ವಿಲ್‌ಹೆಲ್ಮ್ ವುಂಟ್ ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡಿದರು. ಪ್ರಬಂಧದ ವಿಷಯಕ್ಕೂ ಮಕ್ಕಳಿಗೂ ಯಾವ ಸಂಬಂಧವೂ ಇಲ್ಲ: ಆಕೃತಿಗಳ ಅಳತೆ ಯಾವ ಪ್ರಮಾಣದಲ್ಲಿದ್ದರೆ ಕಣ್ಣಿಗೆ ಹಿತ ಎನ್ನುವುದು. 1892ರಲ್ಲಿ ವಾಪಸು ಬಂದು ಪೆನ್ಸಿಲ್ವೇನಿಯಾದ ಪ್ರಯೋಗಾಲಯ ವಹಿಸಿಕೊಂಡರು. ಅದೇ ವರ್ಷ ಹುಟ್ಟಿದ ಅಮೆರಿಕದ ಮನಶ್ಶಾಸ್ತ್ರ ಸಂಘದ ಮೊದಲ ಸದಸ್ಯರಲ್ಲಿ ಅವರೂ ಒಬ್ಬರು.

ಕ್ಲಿನಿಕ್ಕಿಗೆ ಬಂದ ಮೊದಲ ಮಗು ಯಾರು?

1896ರ ಮಾರ್ಚ್‌ನಲ್ಲಿ ಮಾರ್ಗರೆಟ್ ಮಗ್ವೈರ್ ಎಂಬ ಶಿಕ್ಷಕಿ 14 ವರ್ಷದ ಹುಡುಗನೊಬ್ಬನನ್ನು ಕರೆತಂದರು. ಆಕೆ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಾ ವಿಟ್ಮರ್ ಅವರ ತರಗತಿಗಳಿಗೂ ಬರುತ್ತಿದ್ದರು. ದಾಖಲೆಗಳಲ್ಲಿ ಹುಡುಗನಿಗೆ ಚಾರ್ಲ್ಸ್ ಗಿಲ್ಮನ್ ಎಂಬ ಬದಲಿ ಹೆಸರು ಕೊಟ್ಟಿದ್ದಾರೆ.

ಹುಡುಗ ಚೆನ್ನಾಗಿ ಮಾತಾಡುತ್ತಿದ್ದ, ಚೆನ್ನಾಗಿ ಯೋಚಿಸುತ್ತಿದ್ದ. ಆದರೆ ಕಾಗುಣಿತ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಶಿಕ್ಷಕಿಯ ವಾದ ಸರಳವಾಗಿತ್ತು. ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ನೀವು ಪಾಠ ಮಾಡುತ್ತೀರಿ, ಈ ಮಗುವಿಗೆ ಯಾಕೆ ಕಾಗುಣಿತ ಬರುವುದಿಲ್ಲ ಎಂದು ನೀವೇ ಹೇಳಬೇಕು. ವಿಟ್ಮರ್ ಆ ಮಾತನ್ನು ತಳ್ಳಿಹಾಕಲಿಲ್ಲ. ಮನಶ್ಶಾಸ್ತ್ರಕ್ಕೆ ಏನಾದರೂ ಬೆಲೆ ಇದ್ದರೆ ಇಂಥ ಹೊತ್ತಿನಲ್ಲಿ ಅದು ಶಿಕ್ಷಕರ ನೆರವಿಗೆ ಬರಬೇಕು ಎಂಬ ಅರ್ಥದ ಮಾತನ್ನು ಮುಂದೆ ಬರೆದರು.

ಈ ಕಥೆಯಲ್ಲಿ ನಾವು ಹೆಚ್ಚು ಗೌರವ ಕೊಡಬೇಕಾದ್ದು ಆ ಶಿಕ್ಷಕಿಗೆ. ಆಕೆ ಮಗುವನ್ನು ಬೈದು ಸುಮ್ಮನಾಗಲಿಲ್ಲ, ಪ್ರೊಫೆಸರ್ ಬಾಗಿಲಿಗೆ ಕರೆತಂದರು. ಶಾಲಾ ಮನಶ್ಶಾಸ್ತ್ರ ಹುಟ್ಟಿದ್ದು ಒಬ್ಬ ಶಿಕ್ಷಕಿಯ ಪ್ರಶ್ನೆಯಿಂದ.

ಪರೀಕ್ಷೆ ಮಾಡಿದಾಗ ಹುಡುಗನ ಕಣ್ಣಿನಲ್ಲಿ ದೋಷ ಇದೆ ಎಂದು ಗೊತ್ತಾಯಿತು. ಕನ್ನಡಕ ಬಂತು. ಆದರೂ ಓದು ಸರಿಹೋಗಲಿಲ್ಲ. ಬರೆದ ಪದದ ರೂಪ ಮನಸ್ಸಿನಲ್ಲಿ ನಿಲ್ಲುತ್ತಿಲ್ಲ ಎಂಬ ತೀರ್ಮಾನಕ್ಕೆ ವಿಟ್ಮರ್ ಬಂದರು. ಇವತ್ತು ಡಿಸ್‌ಲೆಕ್ಸಿಯಾ ಎನ್ನುವುದಕ್ಕೆ ಇದು ಬಹಳ ಹತ್ತಿರ. ಅಕ್ಷರ ಅಕ್ಷರ ಬಿಡಿಸದೆ ಪದವನ್ನು ಇಡಿಯಾಗಿ ಗುರುತಿಸುವ ಅಭ್ಯಾಸ ಶುರುವಾಯಿತು. ವರ್ಷಗಳ ನಂತರ ಅವನು ಸಾಮಾನ್ಯ ಬರಹ ಓದುವ ಮಟ್ಟಕ್ಕೆ ಬಂದ. ಸರಾಗವಾಗಿ ಓದುವುದು ಅವನಿಗೆ ಕೊನೆಗೂ ಒಲಿಯಲಿಲ್ಲ. 1907ರ ಜನವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡ. ವಿಟ್ಮರ್ ಇದನ್ನು ದೊಡ್ಡ ಗೆಲುವು ಎಂದು ಹೇಳಿಕೊಳ್ಳಲಿಲ್ಲ, ಆದದ್ದನ್ನು ಆದ ಹಾಗೆ ದಾಖಲಿಸಿದರು.

ಕ್ಲಿನಿಕ್ಕಿನಲ್ಲಿ ಒಂದು ಮಗುವನ್ನು ಹೇಗೆ ನೋಡುತ್ತಿದ್ದರು?

ಮೊದಲು ದೇಹ. ಕಣ್ಣು, ಕಿವಿ, ಮೂಗು, ಗಂಟಲು, ಹಲ್ಲು, ಪೋಷಣೆ. ವೈದ್ಯರು ನೋಡದೆ ಮುಂದೆ ಹೋಗುತ್ತಿರಲಿಲ್ಲ. ಮೂಗಿನ ಹಿಂದೆ ಅಡಿನಾಯ್ಡ್ ಬೆಳೆದು ಉಸಿರಾಡಲು ಕಷ್ಟಪಡುವ ಮಗು ದಡ್ಡನಂತೆ ಕಾಣುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಸರಿಯಾಗಿ ಕೇಳಿಸದ ಮಗು ಹಟಮಾರಿಯಂತೆ ಕಾಣುತ್ತದೆ. ಇದು ಇವತ್ತಿಗೂ ಹಾಗೆಯೇ.

ಆಮೇಲೆ ಮನೆ. ಸಮಾಜ ಕಾರ್ಯಕರ್ತೆಯೊಬ್ಬರು ಮನೆಯ ವಿಷಯ ತಿಳಿದುಕೊಂಡು ಬರುತ್ತಿದ್ದರು. ಮಗು ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಮನೆಯಲ್ಲಿ ಯಾರಿದ್ದಾರೆ ಎಂಬುದೆಲ್ಲ ವರದಿಯಲ್ಲಿ ಸೇರುತ್ತಿತ್ತು. ವೈದ್ಯರು, ಸಮಾಜ ಕಾರ್ಯಕರ್ತೆ, ಮನಶ್ಶಾಸ್ತ್ರಜ್ಞ ಒಟ್ಟಿಗೆ ಕೂತು ಒಂದು ಮಗುವಿನ ಬಗ್ಗೆ ಯೋಚಿಸುವ ಪದ್ಧತಿ ಈಗ ಮಾಮೂಲು. ಆಗ ಹೊಸದು.

ಮೂರನೆಯದು ಮನಸ್ಸಿನ ಪರೀಕ್ಷೆ. ಬೇರೆ ಬೇರೆ ಆಕಾರದ ಮರದ ತುಂಡುಗಳನ್ನು ಸರಿಯಾದ ಗುಂಡಿಯಲ್ಲಿ ಕೂರಿಸುವ ಹಲಗೆಯೊಂದನ್ನು ಬಳಸುತ್ತಿದ್ದರು. ಫ್ರಾನ್ಸಿನ ಎಡ್ವಾರ್ ಸೆಗ್ಯಾಂ ಹಿಂದೆ ಬಳಸಿದ್ದ ಸಾಧನವನ್ನು ವಿಟ್ಮರ್ ತಮ್ಮ ಕೆಲಸಕ್ಕೆ ತಕ್ಕಂತೆ ಬದಲಾಯಿಸಿಕೊಂಡಿದ್ದರು. ಮಾಂಟೆಸ್ಸೊರಿ ಶಾಲೆಗಳಲ್ಲಿ ಕಾಣುವಂಥ ಮರದ ಸಿಲಿಂಡರುಗಳೂ ಇದ್ದವು. ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಬರೆದುಕೊಳ್ಳುತ್ತಿದ್ದರು. ಮಗು ಹೇಗೆ ಮಾಡಿತು ಎಂಬುದರ ಮೇಲೂ ಅಷ್ಟೇ ಕಣ್ಣು. ಸುಮ್ನೆ ಒತ್ತಿ ನೋಡುತ್ತದಾ? ಒಂದು ತಪ್ಪಿನಿಂದ ಮುಂದಿನ ಸಲಕ್ಕೆ ಏನಾದರೂ ಕಲಿಯುತ್ತದಾ? ಕೈಬಿಟ್ಟು ಅಳುತ್ತದಾ?

ನಾಲ್ಕನೆಯ ಹೆಜ್ಜೆ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಮಗುವಿಗೆ ಏನನ್ನಾದರೂ ಕಲಿಸಿ ನೋಡುವುದು. ಕೆಲವು ಸಲ ವಾರಗಟ್ಟಲೆ, ತಿಂಗಳುಗಟ್ಟಲೆ ಪಾಠ ನಡೆಯುತ್ತಿತ್ತು. ಯಾವ ರೀತಿ ಹೇಳಿದರೆ ಮಗುವಿಗೆ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ನೋಡಿದ ಮೇಲೆಯೇ ತೊಂದರೆ ಏನೆಂದು ತೀರ್ಮಾನ. ಒಂದೇ ದಿನ ಕೂರಿಸಿ, ಅಂಕ ಕೊಟ್ಟು ಕಳಿಸುವುದು ಅವರಿಗೆ ಒಪ್ಪಿಗೆ ಇರಲಿಲ್ಲ.

ಹಾಗಾದರೆ ಐಕ್ಯೂ ಪರೀಕ್ಷೆಗಳನ್ನು ಅವರು ಒಪ್ಪುತ್ತಿರಲಿಲ್ಲವೇ?

ಬಳಸುವುದಕ್ಕೆ ವಿರೋಧ ಇರಲಿಲ್ಲ. ಅದೊಂದನ್ನೇ ನಂಬುವುದಕ್ಕೆ ವಿರೋಧ ಇತ್ತು. ಫ್ರಾನ್ಸಿನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ ತಯಾರಿಸಿದ ಬುದ್ಧಿ ಪರೀಕ್ಷೆ ಕೆಲವೇ ವರ್ಷಗಳಲ್ಲಿ ಅಮೆರಿಕದ ಶಾಲೆಗಳಿಗೆ ಹಬ್ಬಿತು. ಶಾಲಾ ಮನಶ್ಶಾಸ್ತ್ರಜ್ಞ ಎಂದರೆ ಪರೀಕ್ಷೆ ಮಾಡಿ ಅಂಕ ಬರೆಯುವವರು ಎನ್ನುವಷ್ಟರ ಮಟ್ಟಿಗೆ ಅದು ಬೆಳೆಯಿತು. ಅಂಕ ಹೇಳುವುದು ಆ ದಿನ ಮಗು ಎಷ್ಟು ಮಾಡಿತು ಎಂಬುದನ್ನು ಮಾತ್ರ, ಯಾಕೆ ಹಾಗೆ ಮಾಡಿತು ಎಂಬುದನ್ನಲ್ಲ ಎಂದು ವಿಟ್ಮರ್ ಕೊನೆತನಕ ಹೇಳುತ್ತಾ ಬಂದರು. ಹೊಸ ಸಮಸ್ಯೆ ಎದುರಾದಾಗ ಅದನ್ನು ಬಿಡಿಸುವ ಶಕ್ತಿಯೇ ಬುದ್ಧಿ ಎಂಬುದು ಅವರ ನಿಲುವು.

‘ಡಾನ್’ ಎಂಬ ಮಗುವಿನ ಕಥೆ ಏನು?

ವಿಟ್ಮರ್ 1908ರಲ್ಲಿ ಪೆನ್ಸಿಲ್ವೇನಿಯಾದ ರೋಸ್ ವ್ಯಾಲಿಯಲ್ಲಿ ಒಂದು ವಸತಿ ಶಾಲೆ ತೆರೆದರು. 1921ರಲ್ಲಿ ಅದು ಡೆವನ್ ಎಂಬ ಊರಿಗೆ ಹೋಯಿತು. ಕ್ಲಿನಿಕ್ಕಿನಲ್ಲಿ ಗಂಟೆಗಳ ಲೆಕ್ಕದಲ್ಲಿ ಆಗದ ಕೆಲಸವನ್ನು ಇಂಥ ಶಾಲೆಯಲ್ಲಿ ಇಡೀ ದಿನ ಮಾಡಬಹುದಿತ್ತು.

ಡಾನ್ ಅವರ ಕೈಗೆ ಬಂದಾಗ ಎರಡು ವರ್ಷ ಏಳು ತಿಂಗಳ ಮಗು. ಮಾತಿಲ್ಲ. ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ಕೂರುತ್ತಿದ್ದ. ಯಾರಾದರೂ ಅದನ್ನು ಕಿತ್ತುಕೊಂಡರೆ ಕಿರುಚಾಟ. ಮೊದಲ ನೋಟಕ್ಕೆ ವಿಟ್ಮರ್ ಅವರಿಗೂ ಈ ಮಗುವಿನ ಬಗ್ಗೆ ಭರವಸೆ ಇರಲಿಲ್ಲ. ಆದರೂ ಪಾಠ ಶುರು ಮಾಡಿದರು. ಶಿಕ್ಷಕಿಯರು ದಿನವಿಡೀ ಜೊತೆಗಿದ್ದು ಮರದ ತುಂಡು, ಪುಸ್ತಕ, ಅಕ್ಷರ ಎಂದು ಒಂದೊಂದೇ ಹೆಜ್ಜೆ ಮುಂದಿಟ್ಟರು. ಏಳು ವರ್ಷ ತುಂಬುವ ಹೊತ್ತಿಗೆ ಡಾನ್ ತನ್ನ ವಯಸ್ಸಿನ ಮಕ್ಕಳಂತೆ ಓದುತ್ತಿದ್ದ, ಬರೆಯುತ್ತಿದ್ದ.

ಮಗುವಿನ ಮನಸ್ಸನ್ನು ಭಯ ಹಿಡಿದು ನಿಲ್ಲಿಸಿತ್ತು ಎಂಬುದು ವಿಟ್ಮರ್ ಅವರ ವಿವರಣೆ. ಇವತ್ತು ಆ ವರದಿ ಓದುವ ಕೆಲವರಿಗೆ ಅದರಲ್ಲಿ ಆಟಿಸಂ ಲಕ್ಷಣಗಳು ಕಾಣುತ್ತವೆ. ಆಟಿಸಂ ಬಗ್ಗೆ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಬರೆದದ್ದು 1943ರಲ್ಲಿ. ಅದಕ್ಕೂ ಎರಡು ದಶಕ ಮೊದಲಿನ ದಾಖಲೆ ಇದು. ಹೆಸರು ಏನೇ ಇಡಿ, ‘ಈ ಮಗು ಕಲಿಯುವುದಿಲ್ಲ’ ಎಂಬ ತಮ್ಮ ಮೊದಲ ಅನಿಸಿಕೆಯನ್ನು ಪಕ್ಕಕ್ಕಿಟ್ಟು ಕಲಿಸಲು ಕೂತರಲ್ಲ, ಅದು ನಮಗೆ ಬೇಕಾದ ಪಾಠ.

ಅವರ ಸಂಶೋಧನೆಯಲ್ಲಿ ಕೊರತೆಗಳೇ ಇಲ್ಲವೇ?

ಇವೆ, ದೊಡ್ಡ ಕೊರತೆಗಳೇ ಇವೆ. ಅವರು ಬರೆದದ್ದರಲ್ಲಿ ಹೆಚ್ಚಿನದು ಒಂದೊಂದು ಮಗುವಿನ ವಿವರ. ಪಾಠ ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿ ನೋಡುವ ಪದ್ಧತಿ ಅಲ್ಲಿಲ್ಲ. ಡಾನ್ ಸುಧಾರಿಸಿದ್ದು ಪಾಠದಿಂದಲೇ ಎಂದು ಇವತ್ತಿನ ಅಳತೆಯಲ್ಲಿ ಸಾಬೀತು ಮಾಡಲಾಗದು.

ಮಂದಬುದ್ಧಿ ಎಂಬ ಅರ್ಥದ, ಈಗ ಕೇಳಿದರೆ ನೋವಾಗುವ ಪದಗಳನ್ನು ಆ ಕಾಲದ ಎಲ್ಲರಂತೆ ಅವರೂ ಬಳಸಿದರು. ಕೆಲವು ಮಕ್ಕಳು ಜೀವನಪೂರ್ತಿ ಸಂಸ್ಥೆಗಳಲ್ಲಿ ಇರಬೇಕು ಎಂಬ ಅಂದಿನ ನಂಬಿಕೆಯಿಂದ ಅವರೂ ಪೂರ್ತಿ ಹೊರಗೆ ಬರಲಿಲ್ಲ. ಆದರೆ ಎಲ್ಲವೂ ರಕ್ತದಿಂದಲೇ ಬರುತ್ತದೆ ಎಂಬ ಮಾತು ಜೋರಾಗಿದ್ದ ಕಾಲದಲ್ಲಿ, ವರ್ಷ ಕಳೆದಂತೆ ಅವರು ಮನೆ, ಊಟ, ಪಾಠ, ಬಡತನದ ಕಡೆಗೇ ಜಾಸ್ತಿ ಕೈತೋರಿಸಿದರು. ವಂಶವನ್ನು ಬದಲಾಯಿಸಲು ನಮ್ಮ ಕೈಯಲ್ಲಿ ಆಗುವುದಿಲ್ಲ, ಸುತ್ತಲಿನ ಪರಿಸರವನ್ನು ಬದಲಾಯಿಸಬಹುದು ಎಂಬುದು ಅವರ ವಾದದ ತಿರುಳು.

ಅವರ ಪತ್ರಿಕೆ ಮತ್ತು ಶಿಷ್ಯರ ಬಗ್ಗೆ ಹೇಳಿ.

1907ರಲ್ಲಿ ‘ದಿ ಸೈಕಲಾಜಿಕಲ್ ಕ್ಲಿನಿಕ್’ ಎಂಬ ಪತ್ರಿಕೆ ಶುರು ಮಾಡಿದರು, ಅದು 1935ರವರೆಗೆ ನಡೆಯಿತು. ‘ಕ್ಲಿನಿಕಲ್ ಸೈಕಾಲಜಿ’ ಎಂಬ ಕ್ಷೇತ್ರಕ್ಕೆ ಹೆಸರು ಕೊಟ್ಟು, ಅದರ ಕೆಲಸ ಏನು ಎಂದು ಬಿಡಿಸಿ ಹೇಳಿದ ಲೇಖನ ಮೊದಲ ಸಂಚಿಕೆಯಲ್ಲೇ ಇದೆ. ಶಿಷ್ಯರಲ್ಲಿ ಎಡ್ವಿನ್ ಟ್ವಿಟ್‌ಮೈಯರ್ ಮಾತಿನ ತೊಂದರೆಗಳಿಗಾಗಿ 1914ರಲ್ಲಿ ಅಲ್ಲೇ ಒಂದು ಕ್ಲಿನಿಕ್ ನಡೆಸತೊಡಗಿದರು. ಮಾರಿಸ್ ವಿಟೆಲೆಸ್ ಉದ್ಯೋಗ ಮಾರ್ಗದರ್ಶನದ ಕಡೆ ಹೋಗಿ ಕೈಗಾರಿಕಾ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರಾದರು.

ಇಷ್ಟು ಕೆಲಸ ಮಾಡಿದವರ ಹೆಸರು ಯಾಕೆ ಅಷ್ಟಾಗಿ ಕೇಳಿಬರುವುದಿಲ್ಲ?

1896ರ ಡಿಸೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ನಡೆದ ಮನಶ್ಶಾಸ್ತ್ರ ಸಂಘದ ಸಭೆಯಲ್ಲಿ ಅವರು ತಮ್ಮ ಯೋಜನೆ ಮುಂದಿಟ್ಟಾಗಲೇ ಉತ್ಸಾಹ ಕಾಣಲಿಲ್ಲ. ಪ್ರಯೋಗಾಲಯ ಬಿಟ್ಟು ಶಾಲೆಯ ಮಕ್ಕಳ ಬಳಿ ಹೋಗುವುದು ವಿಜ್ಞಾನಿಯ ಕೆಲಸವೇ ಎಂಬ ಅನುಮಾನ ಹಿರಿಯರಲ್ಲಿತ್ತು. ಮುಂದೆ ಒಂದು ಕಡೆ ಬುದ್ಧಿ ಪರೀಕ್ಷೆಗಳ ಅಲೆ, ಇನ್ನೊಂದು ಕಡೆ ಫ್ರಾಯ್ಡ್ ಅವರ ಪ್ರಭಾವ. ವಿಟ್ಮರ್ ಎರಡರ ಜೊತೆಯೂ ಹೋಗಲಿಲ್ಲ. ಮಾತೂ ಸ್ವಲ್ಪ ಖಡಕ್. ವಿಲಿಯಂ ಜೇಮ್ಸ್, ಹ್ಯೂಗೋ ಮುನ್‌ಸ್ಟರ್‌ಬರ್ಗ್ ಅಂಥ ಹೆಸರಾಂತ ಮನಶ್ಶಾಸ್ತ್ರಜ್ಞರನ್ನೇ ತಮ್ಮ ಪತ್ರಿಕೆಯಲ್ಲಿ ಕಟುವಾಗಿ ಟೀಕಿಸಿದರು. ದೊಡ್ಡ ಸಿದ್ಧಾಂತದ ಗ್ರಂಥವನ್ನೂ ಬರೆಯಲಿಲ್ಲ. ಅವರ ಬದುಕಿನ ಹೆಚ್ಚಿನ ಭಾಗ ಫಿಲಡೆಲ್ಫಿಯಾದ ಮಕ್ಕಳ ಜೊತೆ ಕಳೆಯಿತು.

ಶಾಲಾ ಮನಶ್ಶಾಸ್ತ್ರ ಒಂದು ವೃತ್ತಿಯಾದದ್ದು ಯಾವಾಗ?

ಆ ಹುದ್ದೆಯ ಹೆಸರಿನಲ್ಲಿ ಮೊದಲು ನೇಮಕಗೊಂಡವರು ಆರ್ನಾಲ್ಡ್ ಗೆಸೆಲ್, ಕನೆಕ್ಟಿಕಟ್ ರಾಜ್ಯದಲ್ಲಿ, 1915ರಲ್ಲಿ. 1954ರಲ್ಲಿ ನ್ಯೂಯಾರ್ಕ್ ರಾಜ್ಯದ ಥೇಯರ್ ಹೋಟೆಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಈ ವೃತ್ತಿಯವರ ತರಬೇತಿ ಹೇಗಿರಬೇಕು ಎಂದು ಚರ್ಚಿಸಿದರು. ರಾಷ್ಟ್ರಮಟ್ಟದ ಅವರದೇ ಸಂಘ ಹುಟ್ಟಿದ್ದು 1969ರಲ್ಲಿ. 500 ವಿದ್ಯಾರ್ಥಿಗಳಿಗೆ ಒಬ್ಬ ಶಾಲಾ ಮನಶ್ಶಾಸ್ತ್ರಜ್ಞರು ಇರಬೇಕು ಎಂಬುದು ಈಗ ಆ ಸಂಘದ ಶಿಫಾರಸು. ಕೆಲಸಕ್ಕೆ ಸೇರುವ ಮೊದಲು 1200 ಗಂಟೆಗಳ ಇಂಟರ್ನ್‌ಶಿಪ್ ಮಾಡಬೇಕು, ಅದರಲ್ಲಿ ಅರ್ಧವಾದರೂ ಶಾಲೆಯ ಒಳಗೇ ಆಗಬೇಕು. ಪ್ರೊಫೆಸರ್ ಆಗಲು ಇದರ ಮೇಲೆ ಪಿಎಚ್‌ಡಿ ಬೇಕು.

ವಿಟ್ಮರ್ ಅವರಿಗೂ ಕರ್ನಾಟಕಕ್ಕೂ ಏನಾದರೂ ನಂಟು ಇದೆಯೇ?

ನೇರವಾಗಿ ಇಲ್ಲ. ಗುರುಪರಂಪರೆಯ ಮೂಲಕ ಒಂದು ನಂಟಿದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ 1924ರಲ್ಲಿ ಶುರುವಾಯಿತು. ಆಗ ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಬ್ರಜೇಂದ್ರನಾಥ ಸೀಲ್. ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಮೈಸೂರಿನಲ್ಲಿ 1935ರಲ್ಲಿ ‘ಆಕಾಶವಾಣಿ’ ರೇಡಿಯೊ ಕೇಂದ್ರ ಶುರು ಮಾಡಿದ ಅದೇ ಗೋಪಾಲಸ್ವಾಮಿ. ಅವರು ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾಗಿದ್ದರು. ಸ್ಪಿಯರ್‌ಮನ್ ಪಿಎಚ್‌ಡಿ ಮಾಡಿದ್ದು ಲೈಪ್‌ಸಿಗ್‌ನಲ್ಲಿ, ವುಂಟ್ ಅವರ ಬಳಿ. ವಿಟ್ಮರ್ ಕಲಿತದ್ದೂ ಅಲ್ಲೇ. ಒಂದೇ ಪ್ರಯೋಗಾಲಯದಿಂದ ಹೊರಟ ವಿದ್ಯೆ ಒಂದು ಕಡೆ ಫಿಲಡೆಲ್ಫಿಯಾದ ಶಾಲೆಗಳಿಗೆ ಹೋಯಿತು, ಇನ್ನೊಂದು ಕಡೆ ಲಂಡನ್ ದಾಟಿ ಮೈಸೂರಿಗೆ ಬಂತು.

ನಮ್ಮ ಮಗು ಓದಿನಲ್ಲಿ ಹಿಂದಿದೆ. ವಿಟ್ಮರ್ ಪದ್ಧತಿಯಿಂದ ಇವತ್ತು ನಾವು ಏನು ತೆಗೆದುಕೊಳ್ಳಬಹುದು?

ಅವರು ಇಟ್ಟುಕೊಂಡಿದ್ದ ಕ್ರಮವನ್ನೇ ತೆಗೆದುಕೊಳ್ಳಿ. ಮೊದಲು ಕಣ್ಣು, ಕಿವಿ ತೋರಿಸಿ. ಎಷ್ಟೋ ಮನೆಗಳಲ್ಲಿ ಇದು ಕೊನೆಗೆ ನೆನಪಾಗುತ್ತದೆ. ರಕ್ತಹೀನತೆ ಇದೆಯೇ, ನಿದ್ದೆ ಸಾಕಾಗುತ್ತಿದೆಯೇ ಎಂದು ವೈದ್ಯರನ್ನು ಕೇಳಿ. ಶಾಲೆ ಬದಲಾಯಿತೇ, ಮಾಧ್ಯಮ ಬದಲಾಯಿತೇ, ಮನೆಯಲ್ಲಿ ಏನಾದರೂ ನಡೆಯಿತೇ ಎಂದು ನೆನಪು ಮಾಡಿಕೊಳ್ಳಿ. ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ದಿಢೀರ್ ಹಾಕಿದ ಮಗು ವರ್ಷವಿಡೀ ಮೌನವಾಗಿ ಕೂತಿದ್ದರೆ ಅದನ್ನು ಕಲಿಕೆಯ ನ್ಯೂನತೆ ಎನ್ನುವ ಮೊದಲು ತುಂಬಾ ಯೋಚಿಸಬೇಕು.

ಇದೆಲ್ಲ ಆದ ಮೇಲೂ ತೊಂದರೆ ಉಳಿದರೆ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕಲಿಕೆಯ ನ್ಯೂನತೆ ಗುರುತಿಸಲು ಅವರದೇ ಪರೀಕ್ಷೆಗಳಿವೆ. ಬೇರೆ ಕಡೆ ಹೋಗುವುದಾದರೆ, ಪರೀಕ್ಷೆ ಮಾಡುವ ಕ್ಲಿನಿಕಲ್ ಮನಶ್ಶಾಸ್ತ್ರಜ್ಞರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿ ಮಾಡಿಕೊಂಡಿದ್ದಾರೆಯೇ ಎಂದು ಕೇಳಿ. ಹಾಗೆ ಕೇಳಲು ಸಂಕೋಚ ಬೇಡ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಅನುಕೂಲಗಳಿಗೆ ಅರ್ಜಿ ಹಾಕಬಹುದು. ನಿಯಮಗಳನ್ನು ಎಸ್ಸೆಸ್ಸೆಲ್ಸಿ ವರ್ಷದ ತನಕ ಕಾಯದೆ ಮೊದಲೇ ಶಾಲೆಯಲ್ಲಿ ವಿಚಾರಿಸಿ.

ವರದಿ ಕೈಗೆ ಬಂದಾಗ ಅಂಕದ ಪುಟದಲ್ಲೇ ನಿಲ್ಲಬೇಡಿ. ಬರೆದವರನ್ನೇ ಕೇಳಿ: ಸೋಮವಾರ ಬೆಳಗ್ಗೆ ತರಗತಿಯಲ್ಲಿ ಮೇಡಂ ಏನು ಬೇರೆ ಮಾಡಬೇಕು? ಮನೆಯಲ್ಲಿ ದಿನಾ ಏನನ್ನು, ಎಷ್ಟು ಹೊತ್ತು ಓದಿಸಬೇಕು? ಮೂರು ತಿಂಗಳಾದ ಮೇಲೆ ಸುಧಾರಣೆಯನ್ನು ಹೇಗೆ ನೋಡಬೇಕು? ಉತ್ತರಗಳನ್ನು ವರದಿಯಲ್ಲೇ ಬರೆಸಿಕೊಂಡು ಅದರ ಒಂದು ಪ್ರತಿಯನ್ನು ತರಗತಿ ಶಿಕ್ಷಕರಿಗೆ ಕೊಡಿ.